ಆಪ್ತಸಲಹೆ ಪ್ರಕರಣ: ಆಗಸ್ಟ್ 7 ಎಲ್ಲಿ ಹೋಯ್ತು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆಯೂ ಇದೆ.)

"ಅವರ ಅವ್ವ ಆಗಿದ್ರ ಮರೀತಿದ್ರೇನ್ರೀ?"

ಆಕೆ ಕೂತ ತಕ್ಷಣ ಹೇಳಿದ ಮಾತು ಇದು. ಧಾರವಾಡದ ಕಡೆಯವರು. ಪುಣೆಯ ಕೋಥ್ರೂಡ್‌ನಲ್ಲಿ ಮನೆ, ಗಂಡನ ಆಫೀಸು ಹಿಂಜವಡಿಯಲ್ಲಿ. ಆಕೆಯ ತಾಯಿ ಇವರ ಜೊತೆಗೇ ಇದ್ದಾರೆ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣಿನ ಒಳಪರದೆ ಊದಿಕೊಂಡಿದೆ. ನಾಲ್ಕು ವಾರಕ್ಕೊಮ್ಮೆ ಕಣ್ಣಿಗೆ ಇಂಜೆಕ್ಷನ್. ಕಾರಿನಲ್ಲಿ ಕರೆದೊಯ್ಯುವುದು ಅಳಿಯನ ಜವಾಬ್ದಾರಿ.

2025ರ ಆಗಸ್ಟ್ 7ರಂದು ಅವರು ಮರೆತರು. ಆಕೆ ತಾಯಿಯನ್ನು ಮಳೆಯಲ್ಲೇ ರಿಕ್ಷಾ ಹತ್ತಿಸಿದರು. ಸೆಪ್ಟೆಂಬರ್ 4ರಂದು ಮತ್ತೆ ಮರೆತರು. "ಅವರು ಶೂ ಹಾಕೋವಾಗ ಬಾಗಿಲದಾಗ ನಿಂತಿದ್ದೆ. ನೋಡೂಣು ಅಂತ ಸುಮ್ನಿದ್ದೆ" ಅಂದರು. ಒಳಗೆ ತಾಯಿ ಸೀರೆ ಉಟ್ಟು ತಯಾರಾಗಿ ಕೂತಿದ್ದರು. ಅಂದು ತಪ್ಪಿದ ಇಂಜೆಕ್ಷನ್ ಒಂದು ವಾರ ಮುಂದೆ ಹೋಯಿತು.

ಗಂಡ ಮಾತ್ರ ಒಂದೇ ಮಾತು ಹೇಳುತ್ತಿದ್ದರು: "ಬರ್ಕೊಂಡೀನ್ರಿ ಮೇಡಂ. ಖರೇನ ಬರ್ಕೊಂಡೀನಿ."

ಅವರ ದನಿ ಸುಳ್ಳು ಹೇಳುವವರದಾಗಿರಲಿಲ್ಲ. ಮುಂದಿನ ಸಲ ಮನೆಯ ಲ್ಯಾಪ್‌ಟಾಪ್ ತನ್ನಿ ಅಂದೆ. ಕೌನ್ಸೆಲಿಂಗ್‌ನಲ್ಲಿ ನಾನು ಹೀಗೆ ಕೇಳುವುದು ಅಪರೂಪ.

ಅವರ ಪದ್ಧತಿ ಹೀಗಿತ್ತು. ಹೆಂಡತಿ ಫೋನಿನಲ್ಲಿ ತಾರೀಕು ಹೇಳಿದರೆ ಆಫೀಸಿನ ಔಟ್‌ಲುಕ್ ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳುವುದು. ವಾರಕ್ಕೊಮ್ಮೆ ಆ ಕ್ಯಾಲೆಂಡರನ್ನು ಸಿಎಸ್‌ವಿ ಫೈಲ್ (ಬರೀ ಅಕ್ಷರ-ಅಂಕಿಗಳ ಸಾದಾ ಪಟ್ಟಿ) ಮಾಡಿ ಮನೆಯ ಲ್ಯಾಪ್‌ಟಾಪಿಗೆ ಸೇರಿಸುವುದು. ರಾತ್ರಿ ಮಲಗುವ ಮುಂಚೆ ಅದನ್ನು ನೋಡಿ ಮರುದಿನದ ಕೆಲಸ ಗೊತ್ತುಮಾಡಿಕೊಳ್ಳುವುದು. ಆ ಲ್ಯಾಪ್‌ಟಾಪ್ ಅಮೆರಿಕದಿಂದ ತಮ್ಮ ತಂದುಕೊಟ್ಟದ್ದು.

ಪರದೆಯಲ್ಲಿ ಆಗಸ್ಟ್ 7 ಖಾಲಿ. ಹುಡುಕಿದಾಗ ಇಂಜೆಕ್ಷನ್ ಜುಲೈ 8ರಲ್ಲಿ ಸಿಕ್ಕಿತು. ಸೆಪ್ಟೆಂಬರ್ 4ರದ್ದು ಏಪ್ರಿಲ್ 9ರಲ್ಲಿ. ನಾವು ದಿನ ಮೊದಲು ಬರೆಯುತ್ತೇವೆ, ಅಮೆರಿಕದವರು ತಿಂಗಳು ಮೊದಲು. 07/08 ಅನ್ನು ಆ ಲ್ಯಾಪ್‌ಟಾಪ್ ಜುಲೈ 8 ಎಂದು ಓದಿತ್ತು. 25/08 ಸರಿಯಾಗಿಯೇ ಇತ್ತು, ಯಾಕೆಂದರೆ 25ನೇ ತಿಂಗಳು ಇಲ್ವಲ್ಲ. ಅರ್ಧಕ್ಕಿಂತ ಹೆಚ್ಚು ತಾರೀಕುಗಳು ಸರಿ ಇದ್ದದ್ದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಆಫೀಸಿನ ಮೀಟಿಂಗ್‌ಗಳು ತಪ್ಪುತ್ತಿರಲಿಲ್ಲ. ಅವಕ್ಕೆ ಆಫೀಸಿನ ಕಂಪ್ಯೂಟರೇ ಗಂಟೆ ಬಾರಿಸುತ್ತಿತ್ತು. ಬೆಳಗಿನ ಇಂಜೆಕ್ಷನ್‌ಗೂ ಅದು ಬಾರಿಸಿತ್ತು, ಆದರೆ ಆ ಹೊತ್ತಿಗೆ ಅವರು ಹಿಂಜವಡಿ ಮುಟ್ಟಿಯಾಗಿತ್ತು. ಪ್ರತಿ ವಾರ ಅದೇ ಫೈಲ್ ಮತ್ತೆ ಸೇರಿಸಿದ್ದರಿಂದ ಒಂದೊಂದು ಮೀಟಿಂಗ್ ಮೂರು-ನಾಲ್ಕು ಸಲ ಕಾಣುತ್ತಿತ್ತು. ಆ ಗಿಜಿಗಿಜಿ ನೋಡಿ ಆಕೆ ಅದನ್ನು ತೆರೆಯುವುದನ್ನೇ ಬಿಟ್ಟಿದ್ದರು.

ಗಂಡನ ಮುಖ ಅರಳಿತು. "ನೋಡಿದೇನ? ನಂದೇನ ತಪ್ಪಿಲ್ಲ!" ಆಕೆ ಅಳತೊಡಗಿದರು.

ನನಗೆ ಆ ದಿನದ ನಿಜವಾದ ಕೆಲಸ ಶುರುವಾದದ್ದು ಇಲ್ಲಿ. ನಾನು ಗಂಡನಿಗೆ ಹೇಳಿದೆ: ನೀವು ಬೇಕಂತ ಮರೆತಿಲ್ಲ, ಅದು ಗೊತ್ತಾಯ್ತು, ಒಳ್ಳೆಯದೇ. ಆದರೆ ಮಂಜುಗಣ್ಣಿನ ಅವ್ವನ ಕೈ ಹಿಡಿದು ಮಳೆಯಲ್ಲಿ ನಿಂತವರು ಇವರು. ಆಗಸ್ಟ್ 7ರ ಸಂಜೆ "ಏನಾಯ್ತು, ಹೆಂಗ ಹೋದ್ರಿ" ಅಂತ ಕೇಳಿದ್ದರೆ ತಪ್ಪು ಅಂದೇ ಸಿಗುತ್ತಿತ್ತು. ನೀವು ಕೇಳಲಿಲ್ಲ. ಆಕೆಗೂ ಹೇಳಿದೆ: ಗಂಡನನ್ನು ಪರೀಕ್ಷೆ ಮಾಡಲು ಸುಮ್ಮನಿದ್ದಿರಿ, ಆ ಪರೀಕ್ಷೆಯ ಫೀಸು ಕಟ್ಟಿದ್ದು ನಿಮ್ಮ ತಾಯಿ. ಇದನ್ನು ಹೇಳುವುದು ನನಗೆ ಸುಲಭವಾಗಿರಲಿಲ್ಲ. ಆಕೆ ತಲೆ ಆಡಿಸಿದರು.

ಆಮೇಲೆ ಕ್ಯಾಲೆಂಡರ್. ಆಫೀಸಿನದನ್ನು ಮನೆಗೆ ತರುವುದೇ ಬೇಡ ಎಂದೆ. ಅದರಲ್ಲಿ ಗಿರಾಕಿಗಳ ಹೆಸರು, ಮೀಟಿಂಗಿನ ವಿವರ ಇರುತ್ತವೆ, ಕಂಪನಿಯ ನಿಯಮವೂ ಅಡ್ಡ ಬರಬಹುದು. ಬದಲಿಗೆ ಮನೆಗೆಂದೇ ಒಂದು ಕ್ಯಾಲೆಂಡರ್, ಇಬ್ಬರ ಫೋನಿನಲ್ಲೂ. ಆಸ್ಪತ್ರೆಯ ತಾರೀಕು ಆಕೆಯೇ ಹಾಕಿ, ಗಂಡನ ಆಫೀಸ್ ಈಮೇಲ್‌ಗೆ ಆಹ್ವಾನ ಕಳಿಸಬೇಕು. ಅವರು ಒಪ್ಪಿಕೊಂಡರೆ ಅದು ತಾನಾಗಿಯೇ ಔಟ್‌ಲುಕ್‌ನಲ್ಲಿ ಕೂರುತ್ತದೆ. ದಿನ ಬದಲಾದರೆ ಅಲ್ಲಿಗೂ ಸುದ್ದಿ ಹೋಗುತ್ತದೆ. ಸಹೋದ್ಯೋಗಿಗಳಿಗೆ ವಿವರ ಕಾಣದಂತೆ 'ಪ್ರೈವೇಟ್' ಅಂತ ಗುರುತು ಹಾಕಿಕೊಂಡರಾಯಿತು.

ಫೈಲನ್ನೇ ಸಾಗಿಸಬೇಕಾದವರು ಐಸಿಎಸ್ ಬಳಸಿ. ಕ್ಯಾಲೆಂಡರ್ ಫೈಲುಗಳಿಗೆಂದೇ 1998ರಿಂದ ಇರುವ ನಮೂನೆ ಅದು, 2009ರಲ್ಲಿ ತಿದ್ದುಪಡಿಯಾಗಿದೆ. ಅದರಲ್ಲಿ ಆಗಸ್ಟ್ 7 ಅನ್ನು 20250807 ಎಂದೇ ಬರೆದಿರುತ್ತದೆ. ವರ್ಷ, ತಿಂಗಳು, ದಿನ, ಗೊಂದಲವೇ ಇಲ್ಲ. ಯಾವ ದೇಶದ ಸಮಯ ಎಂದೂ ಅದರಲ್ಲಿ ಹೇಳಬಹುದು. ಪ್ರತಿ ನಮೂದಿಗೂ ತನ್ನದೇ ಗುರುತು ಇರುವುದರಿಂದ ಒಂದೇ ಮೀಟಿಂಗ್ ನಾಲ್ಕಾಗುವುದೂ ಕಡಿಮೆ. ಹೊಸದಾಗಿ ಸೇರಿಸಿದ ಮೇಲೆ 12ರ ಒಳಗಿನ ಒಂದು ತಾರೀಕನ್ನು ಕಣ್ಣಾರೆ ನೋಡಿ.

ಅಡುಗೆಮನೆಯ ಗೋಡೆಯ ಕಾಲನಿರ್ಣಯದಲ್ಲಿ ಆಕೆ ಹಾಲು, ಗ್ಯಾಸ್ ಬರೆಯುವುದು ಹಾಗೇ ಇರಲಿ ಅಂದೆ.

ಅಕ್ಟೋಬರ್ 9ರ ಆಹ್ವಾನವನ್ನು ಆಕೆ ನನ್ನೆದುರೇ ಕಳಿಸಿದರು. ಅವರು ಫೋನಿನಲ್ಲಿ ತೆರೆದು, ತಾರೀಕನ್ನು ಗಟ್ಟಿಯಾಗಿ ಓದಿ, ಒಪ್ಪಿಕೊಂಡರು. ಒಂದು ನಿಮಿಷ ಬಿಟ್ಟು ಕೇಳಿದರು:

"ಹೋದ ಸಲ ಡಾಕ್ಟ್ರು ಅವ್ವಗ ಏನಂದ್ರು?"

"ಮನಿಗೆ ಹೋಗೂ ಮುಂದ ಹೇಳ್ತೀನಿ" ಅಂದರು ಆಕೆ.