ಬಿರುಕೋ ಗೀರೋ: 1799ರ ಡಾಲರಿನ ಅಚ್ಚು ಗುರುತಿಸುವ ಬಗೆ

ನ್ಯೂಜೆರ್ಸಿಯಿಂದ ಬರೆದ ಗೆಳೆಯರಿಗೆ ನಮಸ್ಕಾರ. ನೀವು ಕೇಳಿದ್ದು ಎರಡು. ಹೊಸದಾಗಿ ಕೊಂಡ ಅಮೆರಿಕದ 1799ರ ಬೆಳ್ಳಿ ಡಾಲರಿನಲ್ಲಿ ಕೊನೆಯ ನಕ್ಷತ್ರದಿಂದ ಅಂಚಿನವರೆಗೆ ಒಂದು ಗೆರೆ ಇದೆ, ಅದು ಅಪರೂಪದ ಅಚ್ಚಿನ ಗುರುತಾ? ಇನ್ನೊಂದು, ಬೇರೆ ಬೇರೆ ಅಚ್ಚುಗಳಿಂದ ಬಂದ ಇಂಥ ಬಗೆಗಳನ್ನು ಕೂಡಿಸಲು ಎಲ್ಲಿಂದ ಶುರು ಮಾಡಬೇಕು?

ಮೊದಲು ಗೆರೆ. ಅದು ಉಬ್ಬಿದೆಯಾ, ತಗ್ಗಿದೆಯಾ ಅಂತ ನೋಡಿ. ನಾಣ್ಯಕ್ಕೆ ಚಿತ್ರ ಒತ್ತುವ ಅಚ್ಚು ಬಿರುಕು ಬಿಟ್ಟಿದ್ದರೆ ಆ ಸಂದಿಗೆ ಬೆಳ್ಳಿ ನುಗ್ಗುತ್ತದೆ, ನಾಣ್ಯದ ಮೇಲೆ ಗೆರೆ ಎದ್ದು ನಿಲ್ಲುತ್ತದೆ. ಆಮೇಲೆ ಯಾರೋ ಗೀರಿದ್ದರೆ ತಗ್ಗಿರುತ್ತದೆ. ಫೋಟೋದಲ್ಲಿ ಕಣ್ಣು ಮೋಸ ಹೋಗುವುದು ಜಾಸ್ತಿ. ಒಂದೇ ದೀಪವನ್ನು ಪಕ್ಕದಲ್ಲಿ ತಗ್ಗಾಗಿ ಇಡಿ. ಇಸವಿಯ ಅಂಕಿಗಳು ಉಬ್ಬಿವೆ ಅಂತ ಗೊತ್ತೇ ಇದೆ, ಅವುಗಳ ನೆರಳು ಯಾವ ಕಡೆ ಬಿದ್ದಿದೆ ನೋಡಿ. ಗೆರೆಯ ನೆರಳೂ ಅದೇ ಕಡೆ ಬಿದ್ದರೆ ಬಿರುಕು. ಎದುರು ಕಡೆ ಬಿದ್ದರೆ ಗೀರು.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. 1798ರ ಒಂದು ಡಾಲರಿನಲ್ಲಿ ಹದ್ದಿನ ರೆಕ್ಕೆಯ ಕೆಳಗೆ ಒಳ್ಳೆ ಬಿರುಕಿದೆ ಅಂತ ಮಾರುವವರು ಹೇಳಿದರು, ನಾನೂ ನಂಬಿದೆ. ಮನೆಯಲ್ಲಿ ದೀಪದ ಕೆಳಗೆ ಇಟ್ಟಾಗ ನೆರಳು ಎದುರು ಕಡೆ ಬಿದ್ದಿತ್ತು. ಗೆರೆ ರೆಕ್ಕೆಯ ಗರಿಗಳನ್ನೂ ಕೊಯ್ದುಕೊಂಡು ಹೋಗಿತ್ತು. ತುಂಬಾ ಬೇಜಾರಾಯಿತು.

ಒಂದು ಎಚ್ಚರಿಕೆ. ಸಮಾನಾಂತರವಾಗಿ ಹತ್ತಾರು ಸಣ್ಣ ಗೆರೆಗಳು ಕಂಡರೆ ಹೆದರಬೇಡಿ. ಬೆಳ್ಳಿ ಬಿಲ್ಲೆ ತೂಕ ಜಾಸ್ತಿ ಇದ್ದರೆ ಅಚ್ಚು ಹಾಕುವ ಮೊದಲೇ ಅರದಿಂದ ಉಜ್ಜಿ ಇಳಿಸುತ್ತಿದ್ದರು. ಅದು ಟಂಕಸಾಲೆಯದೇ ಕೆಲಸ. ಗೀರೂ ಅಲ್ಲ, ಅಚ್ಚಿನ ಬಗೆಯೂ ಅಲ್ಲ.

ಈಗ ಎರಡನೇ ಪ್ರಶ್ನೆ. ನೀವು ಟಿಪ್ಪುವಿನ ಆನೆ ಪೈಸೆ ಕೂಡಿಸಿದವರು, ನಿಮಗೆ ಇದು ಬೇಗ ಹಿಡಿಯುತ್ತದೆ. ಈ ಡಾಲರು ಹೊಡೆದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಮುಂಬದಿಯ ಹೆಣ್ಣಿನ ತಲೆ ಮತ್ತು ಹಿಂಬದಿಯ ಹದ್ದಿನ ಚಿತ್ರವನ್ನು ಒಂದೇ ಮೂಲದಿಂದ ಅಚ್ಚಿಗೆ ಒತ್ತುತ್ತಿದ್ದರು. ನಕ್ಷತ್ರ, ಅಕ್ಷರ, ಅಂಕಿಗಳನ್ನು ಮಾತ್ರ ಒಂದೊಂದಾಗಿ ಕೈಯಲ್ಲಿ ಬಡಿಯುತ್ತಿದ್ದರು. ಹಾಗಾಗಿ ಯಾವ ಎರಡು ಅಚ್ಚೂ ತದ್ರೂಪ ಇರುವುದಿಲ್ಲ. ಮುಂಬದಿಯ ಅಚ್ಚು ಒಡೆದರೆ ಹಿಂಬದಿಯದನ್ನು ಇನ್ನೊಂದಕ್ಕೆ ಜೋಡಿಸುತ್ತಿದ್ದರು. ಪ್ರತಿ ಹೊಸ ಜೋಡಿಯೂ ಒಂದು ಬಗೆ. 1794ರಿಂದ 1803ರವರೆಗೆ ಇಂಥವು ನೂರಕ್ಕೂ ಹೆಚ್ಚು. 1794ರದ್ದು ಒಂದೇ ಜೋಡಿ, 1,758 ನಾಣ್ಯ. ಅದನ್ನು ಮರೆತುಬಿಡಿ, 2013ರಲ್ಲಿ ಅದರಲ್ಲೊಂದು ನಾಣ್ಯ ಒಂದು ಕೋಟಿ ಡಾಲರಿಗೂ ಮೇಲೆ ಹೋಗಿದೆ.

ನನ್ನ ಮಾತು ಕೇಳುವುದಾದರೆ ಎಲ್ಲ ವರ್ಷಕ್ಕೂ ಕೈ ಹಾಕಬೇಡಿ. 1799 ಒಂದೇ ಸಾಕು. ಬೇರೆ ವರ್ಷಗಳಿಗಿಂತ ಸುಲಭವಾಗಿ ಸಿಗುತ್ತದೆ, ಬಗೆಗಳೂ ಧಾರಾಳ. ಮುಂಬದಿಯಲ್ಲಿ ಇಸವಿಯಿಂದ ಶುರು ಮಾಡಿ: 1 ಕೂದಲಿಗೆ ಎಷ್ಟು ಹತ್ತಿರ, ಕೊನೆಯ 9 ಎದೆಯ ಕೆಳಗೆ ಎಲ್ಲಿ ಬಂದಿದೆ, ಕೊನೆಯ ನಕ್ಷತ್ರದ ಮೊನೆ ಎದೆಗೆ ತಾಗುತ್ತದೆಯಾ. ಆಮೇಲೆ ನಕ್ಷತ್ರ ಎಣಿಸಿ. ಸಾಮಾನ್ಯವಾಗಿ ಎಡಕ್ಕೆ 7, ಬಲಕ್ಕೆ 6. ಒಂದು ಅಚ್ಚಿನಲ್ಲಿ ಮಾತ್ರ ಕೆಲಸಗಾರ ಎಡಕ್ಕೆ 8, ಬಲಕ್ಕೆ 5 ಬಡಿದಿದ್ದಾನೆ. ಹಿಂಬದಿಯಲ್ಲಿ ಹದ್ದಿನ ಕೊಕ್ಕಿನ ಹತ್ತಿರದ ನಕ್ಷತ್ರ, ಕೊಂಬೆಯ ಹಣ್ಣುಗಳು, ಎಲೆ ತುದಿ ಯಾವ ಅಕ್ಷರದ ಕೆಳಗೆ ಇದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ.

ನನಗೆ ತುಂಬಾ ಇಷ್ಟವಾದದ್ದು 1798ರ ಅಚ್ಚಿನ ಮೇಲೆ 9 ಬಡಿದ 1799. ಲೂಪಿನಲ್ಲಿ, ಅಂದರೆ ಸಣ್ಣ ಭೂತಗನ್ನಡಿಯಲ್ಲಿ, 9ರ ಅಡಿಯಿಂದ 8 ಇಣುಕುತ್ತದೆ. ಅದರ ಒಂದು ಬಗೆಯಲ್ಲಿ ಹಿಂಬದಿಯೂ ನೋಡುವಂಥದ್ದು. ಹದ್ದಿನ ಮೇಲೆ 13 ನಕ್ಷತ್ರ ಇರಬೇಕಾದಲ್ಲಿ 15 ಬಡಿದುಬಿಟ್ಟರು. ತಪ್ಪು ಮುಚ್ಚಲು ನಕ್ಷತ್ರಗಳ ಮೇಲಿನ ಮೋಡದ ಸಾಲಿನಲ್ಲಿ ಎರಡೂ ತುದಿಯ ಮೋಡಗಳನ್ನು ದೊಡ್ಡದು ಮಾಡಿದರು. ಆದರೂ ಮೋಡದ ಕೆಳಗಿನಿಂದ ನಕ್ಷತ್ರದ ಮೊನೆಗಳು ಚೂರು ಹೊರಗೆ ಉಳಿದಿವೆ. ಇನ್ನೂರು ವರ್ಷ ಹಿಂದೆ ಒಬ್ಬ ಮನುಷ್ಯನ ಕೈ ತಪ್ಪಿದ್ದು, ಅವನು ತಿದ್ದಿದ್ದು, ಎರಡೂ ನಿಮ್ಮ ಅಂಗೈಲಿ ಇರುತ್ತದೆ. ಮೊದಲ ಸಲ ಕಂಡಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮುಂದೆ ಮನಸ್ಸಾದರೆ 1795ರ ಬಿಬಿ-27 ಅನ್ನುವ ನಂಬರಿನ ಬಗೆ ಹುಡುಕಿ, ತಲೆಯ ಹಿಂದೆ ಒಂದು ದಪ್ಪ ಗೆರೆ ಎದ್ದು ಕಾಣುತ್ತದೆ, ಬರಿಗಣ್ಣಿಗೇ ಸಿಗುತ್ತದೆ. 1800ರ ಒಂದು ಅಚ್ಚಿನಲ್ಲಿ ಅಮೆರಿಕ ಅನ್ನುವ ಪದದ ಕೊನೆಗೆ ಐ ಅಕ್ಷರದಂಥ ಗೀಟು ಇದೆ. ಅದೂ ಸುಲಭ.

ಬಿಬಿ ಅಂದರೆ ಈ ಬಗೆಗಳನ್ನು ಪುಸ್ತಕದಲ್ಲಿ ಪಟ್ಟಿ ಮಾಡಿದ ಬೋವರ್ಸ್ ಮತ್ತು ಬೋರ್ಕಾರ್ಡ್ ಕೊಟ್ಟ ನಂಬರು, 1993ರದ್ದು. ಬರೀ ಬಿ ಅಂದರೆ ಬೋಲೆಂಡರ್ 1950ರಲ್ಲಿ ಕೊಟ್ಟದ್ದು. ಮಾರುವವರು ಎರಡನ್ನೂ ಬಳಸುತ್ತಾರೆ, ಗೊಂದಲ ಮಾಡಿಕೊಳ್ಳಬೇಡಿ. ಆರ್ ಅನ್ನುವುದು ಎಷ್ಟು ಅಪರೂಪ ಅಂತ ಹೇಳುವ ಅಳತೆ, ಆರ್-7 ಅಂದರೆ 4ರಿಂದ 12 ನಾಣ್ಯ ಮಾತ್ರ ಗೊತ್ತಿರುವ ಬಗೆ. ಆದರೆ ಅಪರೂಪ ಅಂತ ಉಜ್ಜಿ ತೊಳೆದ ನಾಣ್ಯ ತಗೋಬೇಡಿ. ಒಳ್ಳೆ ಮೈಬಣ್ಣದ ಸಾಮಾನ್ಯ ಬಗೆಯೇ ಮೇಲು.

ಇದೆಲ್ಲಕ್ಕೂ ಮೊದಲು ನಿಮ್ಮ ನಾಣ್ಯ ಅಸಲಿಯಾ ನೋಡಬೇಕು. ಈ ಡಾಲರುಗಳ ನಕಲಿ ಬಹಳ ಓಡಾಡುತ್ತಿವೆ. ತೂಕ 26.96 ಗ್ರಾಂ ಇರಬೇಕು, ಸವೆದಿದ್ದರೆ ಸ್ವಲ್ಪ ಕಡಿಮೆ. ಅಗಲ 39ರಿಂದ 40 ಮಿಲಿಮೀಟರ್. ಪಕ್ಕದ ಅಂಚಿನ ಸುತ್ತ ನೂರು ಸೆಂಟ್, ಒಂದು ಡಾಲರ್ ಅಂತ ಇಂಗ್ಲಿಷಿನಲ್ಲಿ ಕೊರೆದಿರಬೇಕು. ಬರೀ ಹಲ್ಲು ಹಲ್ಲಾಗಿ ಗೆರೆ ಇದ್ದರೆ ಸುಮ್ನೆ ವಾಪಸ್ ಕೊಡಿ. ಇನ್ನು 1804 ಅಂತ ಬರೆದದ್ದು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಕೈ ಮುಗಿದು ಬನ್ನಿ. ಅಸಲಿ ಗೊತ್ತಿರುವುದು 15 ಮಾತ್ರ, ಅವೂ 1834ರಿಂದ ಈಚೆಗೆ ಹೊಡೆದವು.

ತೂಕ ಹಾಕಿ ಬರೆಯಿರಿ. ಪಕ್ಕದ ಅಂಚಿನ ಫೋಟೋ ಒಂದು, ಕೊನೆಯ ನಕ್ಷತ್ರದ್ದು ದೀಪ ಎಡಕ್ಕಿಟ್ಟು ಒಂದು, ಬಲಕ್ಕಿಟ್ಟು ಒಂದು ಕಳಿಸಿ. ಬಗೆ ಯಾವುದು ಅಂತ ಒಟ್ಟಿಗೆ ಕೂತು ಹುಡುಕೋಣ.