ನೀರೆಷ್ಟು, ದ್ರಾವಣವೆಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನಲ್ಲಿರುವ ಬ್ಲೀಚ್ 5%. 0.1% ದ್ರಾವಣ 1 ಲೀಟರ್ ಬೇಕು. 50 ಪಟ್ಟು ತೆಳುವಾಗಬೇಕಲ್ಲ, ಹಾಗಾದರೆ 1 ಪಾಲಿಗೆ 50 ಪಾಲು ನೀರು ಹಾಕಬಹುದೇ?

ಉತ್ತರ: ಬೇಡ, 49 ಪಾಲು ಸಾಕು. 50 ಪಟ್ಟು ಎಂಬುದು ಬೆರೆಸಿದ ಮೇಲಿನ ಒಟ್ಟು ಗಾತ್ರದ ಮಾತು. ಅದರಲ್ಲಿ ಬ್ಲೀಚಿನ 1 ಪಾಲೂ ಸೇರಿದೆ. ನೀರು ಎಷ್ಟೇ ಸುರಿದರೂ ಒಳಗಿನ ಪದಾರ್ಥ ಇದ್ದಷ್ಟೇ ಇರುತ್ತದೆ. ಆದ್ದರಿಂದ ಬೇಕಾದ ಶೇಕಡಾವನ್ನು ಬೇಕಾದ ಗಾತ್ರದಿಂದ ಗುಣಿಸಿ, ಕೈಲಿರುವ ಶೇಕಡಾದಿಂದ ಭಾಗಿಸಿ: 0.1 × 1000 ÷ 5 = 20 ಮಿ.ಲೀ. ಬ್ಲೀಚ್. ಉಳಿದ 980 ಮಿ.ಲೀ. ನೀರು.

50 ಪಟ್ಟಿನಲ್ಲಿ ನಿಮ್ಮ ತಪ್ಪು ಶೇ. 2ರಷ್ಟೇ, ಲೆಕ್ಕಕ್ಕಿಲ್ಲ. ಆದರೆ 4 ಪಟ್ಟು ಮಾಡುವಾಗ 1 ಪಾಲಿಗೆ 4 ಪಾಲು ನೀರು ಹಾಕಿದರೆ 1.25% ಬರಬೇಕಾದಲ್ಲಿ 1% ಬರುತ್ತದೆ. ನೀರು ತಣ್ಣಗಿರಲಿ, ಬಿಸಿನೀರಿನಲ್ಲಿ ಬ್ಲೀಚ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹಳೆಯ ಬಾಟಲಿ 4%ಕ್ಕೆ ಇಳಿದಿದ್ದರೆ 20ರ ಬದಲು 25 ಮಿ.ಲೀ. ಬೇಕು. ಆಮ್ಲವಾಗಲಿ ಅಮೋನಿಯಾವಾಗಲಿ ಇರುವ ಯಾವುದರ ಜೊತೆಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಪ್ರಶ್ನೆ: ಲೇಬಲ್ ಮೇಲೆ 1:10 ಎಂದಿದೆ. ನೀರು 9 ಪಾಲೋ 10 ಪಾಲೋ?

ಉತ್ತರ: ಈ ಚಿಹ್ನೆಯೇ ಗೊಂದಲದ ಗೂಡು. ಶುಚಿಕಾರಕಗಳಲ್ಲಿ ಸಾಮಾನ್ಯವಾಗಿ 1 ಪಾಲಿಗೆ 10 ಪಾಲು ನೀರು, ಒಟ್ಟು 11. ಪ್ರಯೋಗಾಲಯದಲ್ಲಿ ಹಲವರು ಒಟ್ಟು 10ರಲ್ಲಿ 1 ಎಂದು ಓದುತ್ತಾರೆ. 1 ಲೀಟರಿಗೆ ಮೊದಲನೆಯದರಲ್ಲಿ 91 ಮಿ.ಲೀ., ಎರಡನೆಯದರಲ್ಲಿ 100. ಲೇಬಲಿನಲ್ಲಿ 'ಲೀಟರ್ ನೀರಿಗೆ ಇಷ್ಟು' ಎಂದಿದ್ದರೆ ಅದನ್ನೇ ನಂಬಿ.

ಪ್ರಶ್ನೆ: 70% ಆಲ್ಕೋಹಾಲ್ 1 ಲೀಟರ್ ಮಾಡಲು, 95% ಆಲ್ಕೋಹಾಲ್ 737 ಮಿ.ಲೀ.ಗೆ 263 ಮಿ.ಲೀ. ನೀರು ಹಾಕಿದೆ. 1 ಲೀಟರ್ ತುಂಬಲಿಲ್ಲ. ಚೆಲ್ಲಿಲ್ಲ, ಆವಿಯಾಗಿಲ್ಲ.

ಉತ್ತರ: ಎಲ್ಲೂ ಹೋಗಿಲ್ಲ, ಕುಗ್ಗಿದೆ. ಆಲ್ಕೋಹಾಲ್ ಮತ್ತು ನೀರಿನ ಅಣುಗಳು ಬೆರೆತಾಗ ಹತ್ತಿರ ಹತ್ತಿರ ಕೂರುತ್ತವೆ. ಹೀಗಾಗಿ ನೀರನ್ನು ಕಳೆದು ಲೆಕ್ಕ ಹಾಕಬೇಡಿ, 737 ಮಿ.ಲೀ. ಅಳೆದು, 1 ಲೀಟರ್ ಗೆರೆ ಮುಟ್ಟುವವರೆಗೆ ನೀರು ತುಂಬಿಸಿ. ಸುಮಾರು 288 ಮಿ.ಲೀ. ಹಿಡಿಸುತ್ತದೆ. ಬೆರೆಸಿದಾಗ ಬೆಚ್ಚಗಾಗುವುದರಿಂದ, ತಣಿದ ಮೇಲೆ ಗೆರೆಯನ್ನು ಮತ್ತೊಮ್ಮೆ ನೋಡಿ.

ಪ್ರಶ್ನೆ: 98% ಸಲ್ಫ್ಯೂರಿಕ್ ಆಮ್ಲವನ್ನು 10% ಮಾಡಲು 102 ಮಿ.ಲೀ. ಆಮ್ಲ, 898 ಮಿ.ಲೀ. ನೀರು ಸರಿಯೇ?

ಉತ್ತರ: ಸಂಖ್ಯೆ ಸರಿ, ಅಳತೆ ತಪ್ಪು. ಈ ಆಮ್ಲದ ಶೇಕಡಾ ತೂಕದ್ದು. 102 ಗ್ರಾಂ ಆಮ್ಲ, 898 ಗ್ರಾಂ ನೀರು ಎಂದಾಗಬೇಕು. ಒಂದು ಮಿ.ಲೀ. ಆಮ್ಲ ಸುಮಾರು 1.84 ಗ್ರಾಂ ತೂಗುವುದರಿಂದ 102 ಗ್ರಾಂ ಎಂದರೆ 55 ಮಿ.ಲೀ. ಚಿಲ್ಲರೆ. ನಿಮ್ಮ ಅಳತೆಯಲ್ಲಿ ಬೆರೆಸಿದರೆ 17% ಆಗುತ್ತದೆ. ಕೈಗವಸು, ಕನ್ನಡಕ ಹಾಕಿ, ಶಾಖ ತಡೆಯುವ ಗಾಜಿನ ಪಾತ್ರೆಯಲ್ಲಿ ಮೊದಲು ತಣ್ಣೀರು ಪೂರ್ತಿ ಇರಲಿ. ಆಮ್ಲವನ್ನು ಸಣ್ಣ ಧಾರೆಯಾಗಿ, ಕಲಕುತ್ತಾ ಬಿಡಿ. ಕೈಗೆ ಬಿಸಿ ತಟ್ಟಿದರೆ ನಿಲ್ಲಿಸಿ, ತಣಿಯಲು ಬಿಡಿ. ತಿರುಗಾಮುರುಗಾ ಮಾಡಿ ಆಮ್ಲದ ಮೇಲೆ ನೀರು ಸುರಿದರೆ, ಹಗುರವಾದ ನೀರು ಮೇಲೆಯೇ ನಿಂತು ಕ್ಷಣದಲ್ಲಿ ಕುದಿದು ಆಮ್ಲವನ್ನು ಮುಖಕ್ಕೆ ಸಿಡಿಸುತ್ತದೆ.