ಭಾನುವಾರದ ಫುಟ್‌ಬಾಲ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವಯಸ್ಸು 38, ವಾರವಿಡೀ ಕುರ್ಚಿ ಕೆಲಸ. ಭಾನುವಾರ ಬೆಳಿಗ್ಗೆ 6ಕ್ಕೆ ಟರ್ಫ್‌ನಲ್ಲಿ (ಕೃತಕ ಹುಲ್ಲಿನ ಮೈದಾನ) ಒಂದು ಗಂಟೆ ಫುಟ್‌ಬಾಲ್ ಆಡುತ್ತೇನೆ. ಮೂರು ತಿಂಗಳಲ್ಲಿ ಎರಡು ಸಲ, ಓಡುತ್ತಿರುವಾಗಲೇ ತೊಡೆಯ ಹಿಂಭಾಗ ಚಳಕ್ ಎಂದು ಹಿಡಿದುಕೊಂಡಿತು. ಆಟಕ್ಕೆ ಮುಂಚೆ ತಪ್ಪದೆ ಸ್ಟ್ರೆಚಿಂಗ್ ಮಾಡುತ್ತೇನೆ. ಆದರೂ ಏಕೆ ಹೀಗೆ?
– ಓದುಗರು, ಬೆಂಗಳೂರು

ಉತ್ತರ: ನಿಂತಲ್ಲೇ ಬಗ್ಗಿ ಕಾಲ್ಬೆರಳು ಮುಟ್ಟಿದರೆ ಈ ಪೆಟ್ಟು ತಪ್ಪುವುದಿಲ್ಲ. ಜೋರಾಗಿ ಓಡುವಾಗ, ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವ ತುಸು ಮೊದಲು, ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಉದ್ದಕ್ಕೆ ಎಳೆದುಕೊಂಡಿರುತ್ತದೆ. ಅದೇ ಹೊತ್ತಿಗೆ ಕಾಲಿಗೆ ಬ್ರೇಕ್ ಹಾಕುವ ಕೆಲಸವೂ ಅದರದ್ದೇ. ಎಳೆ ಹರಿಯುವುದು ಸಾಮಾನ್ಯವಾಗಿ ಅಲ್ಲೇ. ಆದ್ದರಿಂದ ಉದ್ದವಾಗುತ್ತಲೇ ಭಾರ ತಡೆಯುವ ಬಲವನ್ನು ವಾರದ ನಡುವೆ ಕಟ್ಟಿಕೊಳ್ಳಬೇಕು.

ಅದಕ್ಕೆ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಎಂಬ ಕಸರತ್ತಿದೆ. ಮಡಿಸಿದ ಚಾಪೆಯ ಮೇಲೆ ಮಂಡಿಯೂರಿ, ಹಿಂದಿನಿಂದ ಒಬ್ಬರು ಕಾಲಿನ ಗಿಣ್ಣುಗಳನ್ನು ಗಟ್ಟಿಯಾಗಿ ಒತ್ತಿ ಹಿಡಿಯಲಿ. ಮಂಡಿಯಿಂದ ತಲೆವರೆಗೆ ಮೈ ನೆಟ್ಟಗಿರಲಿ. ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ಮುಂದಕ್ಕೆ ಬಾಗಿ, ತಡೆಯಲಾಗದಾಗ ಅಂಗೈ ಊರಿ. ಸೊಂಟ ಮಡಿಚಿದರೆ ಭಾರ ತೊಡೆಯಿಂದ ಜಾರಿಹೋಗುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲಿ. ಮೊದಲ ವಾರ 3ರಿಂದ 5 ಸಲ ಸಾಕು. ವಾರಕ್ಕೆರಡು ದಿನ ಮಾಡುತ್ತಾ, ನಿಧಾನವಾಗಿ 12 ಸಲಕ್ಕೆ ಏರಿಸಿ. ಆರಂಭದಲ್ಲಿ ಎರಡು ಮೂರು ದಿನ ತೊಡೆ ನೋಯುತ್ತದೆ, ಹಾಗಾಗಿ ಶನಿವಾರ ಬೇಡ. ಬುಧವಾರ 40 ಮೀಟರ್‌ನ ನಾಲ್ಕೈದು ಓಟ ಓಡಿ, ವೇಗ ಏರಿಸುತ್ತಾ ಹೋಗಿ. ಐದಾರು ದಿನ ಓಡದ ಕಾಲನ್ನು ಭಾನುವಾರ ಏಕಾಏಕಿ ಪೂರ್ತಿ ವೇಗಕ್ಕೆ ಒಡ್ಡುವುದೇ ದೊಡ್ಡ ಅಪಾಯ.

ಆಟದ ದಿನಕ್ಕೆ ಫಿಫಾದ 11+ ವಾರ್ಮ್‌ಅಪ್ ಇದೆ: 8 ನಿಮಿಷ ಮೆಲುವಾದ ಓಟ, 10 ನಿಮಿಷ ಬಲ, ಜಿಗಿತ, ಸಮತೋಲನ, ಕೊನೆಗೆ 2 ನಿಮಿಷ ವೇಗದ ಓಟ. ಟರ್ಫ್ ಬಾಡಿಗೆ ಗಂಟೆ ಲೆಕ್ಕದ್ದು. ಆ ಗಂಟೆ ವ್ಯರ್ಥವಾಗದಂತೆ 5:35ಕ್ಕೇ ಬಂದು ಗೇಟಿನಾಚೆ ಇದನ್ನು ಮುಗಿಸಿಕೊಳ್ಳಿ.

ಆದರೆ ನಿಮಗೆ ಈಗಾಗಲೇ ಎರಡು ಸಲ ಆಗಿದೆ. ಒಮ್ಮೆ ಹರಿದ ಸ್ನಾಯು ಮತ್ತೆ ಹರಿಯುವ ಸಂಭವ ಹೆಚ್ಚು. ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ನಡೆಯುವಾಗ ನೋವಿಲ್ಲ ಎಂದು ಮೈದಾನಕ್ಕಿಳಿಯಬೇಡಿ. ಪೂರ್ತಿ ವೇಗದಲ್ಲಿ ಓಡಿ, ತಟ್ಟನೆ ನಿಂತಾಗಲೂ ನೋವಿಲ್ಲದಿದ್ದರೆ ಇಳಿಯಿರಿ.

ಪ್ರಶ್ನೆ: ಟರ್ಫ್‌ಗೂ ಶಾಲೆಯ ಮಣ್ಣಿನ ಮೈದಾನಕ್ಕೂ ಒಂದೇ ಜೊತೆ ಶೂ ಸಾಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಸಾಕು. ಪೆಟ್ಟಿಗೆಯ ಮೇಲೆ ಟಿಎಫ್ (TF, ಟರ್ಫ್) ಎಂದಿರುವುದನ್ನು ಕೊಳ್ಳಿ. ಅಡಿಯಲ್ಲಿ ಗಿಡ್ಡ ರಬ್ಬರ್ ಗುಬುಟುಗಳು ಒತ್ತಾಗಿರುತ್ತವೆ, ಗಟ್ಟಿ ಮಣ್ಣಿಗೂ ಸರಿ. ಎಫ್‌ಜಿ (FG, ಫರ್ಮ್ ಗ್ರೌಂಡ್) ಎಂಬುದು ನಿಜ ಹುಲ್ಲಿನ ನೆಲದ್ದು. ಅದರ ಅಡಿಯ ಉದ್ದ ಗುಬುಟುಗಳು (ಸ್ಟಡ್) ಕೃತಕ ಹುಲ್ಲಿನಲ್ಲಿ ಕಚ್ಚಿಕೊಂಡರೆ ಮೈ ತಿರುಗಿದರೂ ಪಾದ ತಿರುಗದು, ಆ ತಿರುಚು ಮಂಡಿಯ ಮೇಲೆ ಬೀಳುತ್ತದೆ. ಮಳೆಗಾಲದ ಒದ್ದೆ ಹುಲ್ಲಿನಲ್ಲಿ ಮಾತ್ರ ಟಿಎಫ್ ಜಾರುತ್ತದೆ. ಪಾದ ತುಸು ಊದಿರುವ ಸಂಜೆ ಹೊತ್ತು, ಆಟದ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ.

ಪ್ರಶ್ನೆ: ಹೊಸ ಚೆಂಡಿನ ಗಾಳಿ ಎರಡೇ ವಾರದಲ್ಲಿ ಇಳಿಯುತ್ತಿದೆ. ಚೆಂಡೇ ಕೆಟ್ಟದ್ದೇ?
– ಓದುಗರು, ಮಂಗಳೂರು

ಉತ್ತರ: ಚೆಂಡಿನೊಳಗೆ ಗಾಳಿ ಹಿಡಿಯುವ ಚೀಲ (ಬ್ಲ್ಯಾಡರ್) ಲ್ಯಾಟೆಕ್ಸ್ ಎಂಬ ರಬ್ಬರಿನದಾಗಿದ್ದರೆ ಅದು ಸಹಜ, ಆಟಕ್ಕೆ ಮುಂಚೆ ಪ್ರತಿ ಸಲ ತುಂಬಿಸಬೇಕು. ಬ್ಯುಟೈಲ್ ಎಂಬ ರಬ್ಬರಿನದಾಗಿದ್ದರೆ ಗಾಳಿ ತುಂಬುವ ವಾಲ್ವ್ ಅನ್ನು ಅನುಮಾನಿಸಿ. ಅದರ ಮೇಲೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ ಅಲ್ಲೇ. ಪಂಪಿನ ಸೂಜಿಯನ್ನು ಒಣದಾಗಿ ಚುಚ್ಚುವುದರಿಂದ ವಾಲ್ವ್ ಹರಿಯುತ್ತದೆ, ಒಂದು ಹನಿ ಗ್ಲಿಸರಿನ್ ಸವರಿ ನೇರವಾಗಿ ತೂರಿಸಿ. 5ನೇ ಸೈಜಿನ ಚೆಂಡಿಗೆ ನಿಯಮದ ಒತ್ತಡ 8.5ರಿಂದ 15.6 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಚೆಂಡಿನ ಮೇಲೆ ಅಚ್ಚಾದ ಮಿತಿಯನ್ನೂ ನೋಡಿಕೊಳ್ಳಿ. ವಾರಾಂತ್ಯದ ಆಟಕ್ಕೆ ಕೆಳಗಿನ ತುದಿಯ 9 ಆಸುಪಾಸು ಸಾಕು. ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಚೆಂಡು ಬಿಡಬೇಡಿ, ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಸಡಿಲವಾಗುತ್ತದೆ.